ಕ್ಯಾಮರಾ ಮಸೂರವನ್ನು ಒರೆಗೆ ಹಚ್ಚುವ ಬಗೆ

ಒರೆಗಲ್ಲಿಗೆ ಹಚ್ಚದೆ ಚಿನ್ನವನ್ನು ಹೊಗಳಬಾರದು, ಹಳಿಯಲೂ ಬಾರದು. ಈ ಮಾತು ಉಪಕರಣಗಳಿಗೂ ಸಲ್ಲುತ್ತದೆ, ಅವುಗಳನ್ನು ಹಿಡಿದ ಕೈಗಳಿಗೂ ಸಲ್ಲುತ್ತದೆ. ಇದನ್ನು ನಾವು ತಿಳಿದುಕೊಂಡುದು ಒಂದು ಸಣ್ಣ ಪ್ರಸಂಗದಿಂದ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತಾವು ಬಳಸುತ್ತಿದ್ದ ಕ್ಯಾಮರಾವನ್ನೂ ಅದರೊಡನೆ 50 ಮಿಲಿಮೀಟರಿನ ಒಂದು ಮಸೂರವನ್ನೂ ಶಾಲೆಗೆ ಕೊಡುಗೆಯಾಗಿ ಇತ್ತರು. ನಿವೃತ್ತರಾಗುತ್ತಿದ್ದ ಅಧ್ಯಾಪಕರೊಬ್ಬರ ಬೀಳ್ಕೊಡುಗೆಯ ದಿನ, ಮಂದ ಬೆಳಕಿನ ಸಭಾಂಗಣದಲ್ಲಿ, ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಅದರಿಂದ ಚಿತ್ರಗಳನ್ನು ತೆಗೆದನು. ಚಿತ್ರಗಳನ್ನು ನೋಡಿದಾಗ ಎಲ್ಲರಿಗೂ ನಿರಾಶೆಯಾಯಿತು. ಗುರುಗಳ ಮುಖ ಮಸುಕಾಗಿತ್ತು. ಹುಡುಗನ ಕೈ ನಡುಗಿರಬೇಕೆಂದು ಕೆಲವರು ಗದರಿದರು; ಮಸೂರವೇ ಕೆಟ್ಟದ್ದು, ಮಾರಿಬಿಡೋಣ ಎಂದು ಕೆಲವರು ಹೇಳಿದರು. ಆ ದಿನ ಮತ್ತೆ ಬರುವಂತಿರಲಿಲ್ಲ. ಹುಡುಗನು ಕ್ಯಾಮರಾವನ್ನು ಮೇಜಿನ ಮೇಲಿಟ್ಟು ಮತ್ತೆ ಮುಟ್ಟಲಿಲ್ಲ. ತೀರ್ಪು ಕೊಡುವ ಮೊದಲು ಪರೀಕ್ಷೆಯನ್ನಾದರೂ ಮಾಡಬೇಡವೇ ಎಂದು ನಮಗೆ ತೋರಿತು. ಆ ಪರೀಕ್ಷೆಯ ವಿವರವೇ ಈ ಪಾಠ.

ವೇಗದ ಮಸೂರವೆಂದರೇನು?

ಪೀನಮಸೂರವು ದೂರದಿಂದ ಬಂದ ಸಮಾಂತರ ಕಿರಣಗಳನ್ನು ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಮಸೂರದಿಂದ ಆ ಬಿಂದುವಿಗಿರುವ ದೂರವೇ ಸಂಗಮದೂರವೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಸಂಗಮದೂರವನ್ನು ಬದಲಿಸಲಾಗದ ಕ್ಯಾಮರಾ ಮಸೂರಕ್ಕೆ ಪ್ರೈಮ್ ಲೆನ್ಸ್ ಎಂದು ಹೆಸರು. ಅದರೊಳಗೆ ಬೆಳಕಿನ ದ್ವಾರವೊಂದಿದ್ದು, ನಮ್ಮ ಕಣ್ಣಿನ ಪಾಪೆಯಂತೆ ಹಿಗ್ಗಿ ಕುಗ್ಗುತ್ತದೆ. ಸಂಗಮದೂರವನ್ನು ದ್ವಾರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಫ್-ಅಂಕ. 50 ಮಿ.ಮೀ. ಮಸೂರದ ಎಫ್-ಅಂಕ 1.8 ಎಂದರೆ ದ್ವಾರದ ವ್ಯಾಸ ಸುಮಾರು 28 ಮಿ.ಮೀ. ಎಂದಾಯಿತು. ಅಂಕ ಕಿರಿದಾದಷ್ಟೂ ದ್ವಾರ ಹಿರಿದು. ಎಫ್ 8ಕ್ಕಿಂತ ಎಫ್ 1.8ರಲ್ಲಿ ಸುಮಾರು 20 ಪಾಲು ಹೆಚ್ಚು ಬೆಳಕು ಒಳಗೆ ಬರುತ್ತದೆ. ಆದುದರಿಂದ ಷಟರು ಬೇಗನೆ ತೆರೆದು ಮುಚ್ಚಿದರೂ ಸಾಕಾಗುತ್ತದೆ. ಇಂತಹ ಮಸೂರವನ್ನು ವೇಗದ ಮಸೂರವೆನ್ನುವುದು ಈ ಕಾರಣದಿಂದಲೇ.

ಜರ್ಮನಿಯ ಜೈಸ್ ಕಾರ್ಖಾನೆಯ ಪೌಲ್ ರುಡಾಲ್ಫ್ ಎಂಬವರು 1896ರಲ್ಲಿ ರಚಿಸಿದ ‘ಪ್ಲಾನಾರ್’ ಮಸೂರದ ಜೋಡಣೆಯೇ ಮುಂದಿನ ಅನೇಕ 50 ಮಿ.ಮೀ. ಮಸೂರಗಳಿಗೆ ಮೂಲಮಾದರಿಯಾಯಿತು. 1924ರಲ್ಲಿ ಬಂದ ‘ಎರ್ಮನಾಕ್ಸ್’ ಕ್ಯಾಮರಾಕ್ಕೆ ಎಫ್ 2ರ ಮಸೂರವಿತ್ತು. ಎರಿಕ್ ಸಾಲೊಮನ್ ಎಂಬ ಛಾಯಾಗ್ರಾಹಕರು ಅದರಿಂದ ಸಭೆಗಳ ಚಿತ್ರಗಳನ್ನು ಮಿಂಚುದೀಪವಿಲ್ಲದೆಯೇ ತೆಗೆದು ಪ್ರಸಿದ್ಧರಾದರು.

ಹಿರಿದಾದ ದ್ವಾರದ ಬೆಲೆ

ಬೆಳಕಿನ ಈ ಲಾಭಕ್ಕೆ ನಾವು ಎರಡು ಬಗೆಯ ಬೆಲೆಯನ್ನು ತೆರಬೇಕಾಗುತ್ತದೆ.

ಒಂದನೆಯದು ಸ್ಫುಟತೆಗೆ ಸಂಬಂಧಿಸಿದುದು. ಗೋಳಾಕಾರದ ಗಾಜಿನ ಅಂಚಿನಿಂದ ಹಾಯುವ ಕಿರಣಗಳೂ ನಡುವಿನಿಂದ ಹಾಯುವ ಕಿರಣಗಳೂ ಸರಿಯಾಗಿ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಹಲವು ಗಾಜುಗಳನ್ನು ಜೋಡಿಸಿ ಈ ದೋಷವನ್ನು ಕಡಿಮೆ ಮಾಡಿರುತ್ತಾರಾದರೂ ಪೂರ್ಣವಾಗಿ ಕಳೆಯುವುದು ಕಷ್ಟ. ದ್ವಾರವನ್ನು ಕಿರಿದು ಮಾಡಿದಾಗ ಅಂಚಿನ ಕಿರಣಗಳು ತಡೆಯಲ್ಪಟ್ಟು ಚಿತ್ರ ಸ್ಫುಟವಾಗುತ್ತದೆ. ಹಾಗೆಂದು ಬಹಳ ಕಿರಿದು ಮಾಡಿದರೂ ಪ್ರಯೋಜನವಿಲ್ಲ. ಕಿರುದ್ವಾರದಲ್ಲಿ ಬೆಳಕು ವಿವರ್ತನೆಗೊಂಡು ಹರಡುತ್ತದೆ. ಎಫ್ 5.6ರಲ್ಲಿ ಒಂದು ಚುಕ್ಕೆಯ ಬಿಂಬ ಸುಮಾರು 0.0075 ಮಿ.ಮೀ. ಅಗಲಕ್ಕೆ ಹರಡಿದರೆ, ಎಫ್ 16ರಲ್ಲಿ ಸುಮಾರು 0.021 ಮಿ.ಮೀ. ಅಗಲವಾಗುತ್ತದೆ.

ಎರಡನೆಯದು ಸ್ಪಷ್ಟತೆಯ ಆಳಕ್ಕೆ ಸಂಬಂಧಿಸಿದುದು. ಫೋಕಸ್ ಮಾಡಿದ ಸ್ಥಳಕ್ಕಿಂತ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಇರುವ ವಸ್ತುಗಳೂ ಸ್ಪಷ್ಟವಾಗಿ ತೋರುವುದುಂಟು. 24×36 ಮಿ.ಮೀ. ಅಳತೆಯ ಚಿತ್ರಫಲಕವುಳ್ಳ ಕ್ಯಾಮರಾದಲ್ಲಿ 50 ಮಿ.ಮೀ. ಮಸೂರವನ್ನು 1 ಮೀಟರಿಗೆ ಫೋಕಸ್ ಮಾಡಿದರೆ, ಈ ಆಳ ಎಫ್ 8ರಲ್ಲಿ ಸುಮಾರು 18 ಸೆಂ.ಮೀ., ಎಫ್ 1.8ರಲ್ಲಿ ಸುಮಾರು 4 ಸೆಂ.ಮೀ. ಮಾತ್ರ. ಎಫ್ 8ರಲ್ಲಿ ಗಮನಕ್ಕೆ ಬಾರದೆ ಹೋಗುವ ಫೋಕಸಿನ ತಪ್ಪು ಎಫ್ 1.8ರಲ್ಲಿ ಎದ್ದು ಕಾಣುವುದು ಇದರಿಂದಲೇ.

ಮಸುಕಿನ ಮೂರು ಬಗೆ

ಪರೀಕ್ಷೆಗೆ ತೊಡಗುವ ಮೊದಲು ಕೆಟ್ಟ ಚಿತ್ರವನ್ನೇ ಚೆನ್ನಾಗಿ ನೋಡಬೇಕು. ಕೈ ನಡುಗಿದ್ದರೆ ಚಿತ್ರದಲ್ಲಿರುವುದೆಲ್ಲವೂ ಒಂದೇ ದಿಕ್ಕಿಗೆ ಎಳೆದಂತಾಗಿರುತ್ತದೆ. ಯಾವ ಭಾಗವೂ ಸ್ಫುಟವಾಗಿರುವುದಿಲ್ಲ. ವ್ಯಕ್ತಿ ಚಲಿಸಿದ್ದರೆ ಆ ವ್ಯಕ್ತಿ ಮಾತ್ರ ಮಸುಕಾಗಿ, ಕದಲದ ಕುರ್ಚಿ, ಕಂಬಗಳು ಸರಿಯಾಗಿರುತ್ತವೆ. ಫೋಕಸ್ ತಪ್ಪಿದ್ದರೆ ಉದ್ದೇಶಿಸಿದ ವಸ್ತು ಮಸುಕಾಗಿದ್ದರೂ ಅದಕ್ಕಿಂತ ಮುಂದೆಯೋ ಹಿಂದೆಯೋ ಇರುವ ಬೇರೊಂದು ವಸ್ತು ಸ್ಫುಟವಾಗಿರುತ್ತದೆ.

ಬೀಳ್ಕೊಡುಗೆಯ ಚಿತ್ರವನ್ನು ಈ ದೃಷ್ಟಿಯಿಂದ ದೊಡ್ಡದಾಗಿಸಿ ನೋಡಿದೆವು. ಗುರುಗಳ ಕಣ್ಣುಗಳು ಮಸುಕು. ಕಿವಿಗಳು ಮಾತ್ರ ಅಚ್ಚುಕಟ್ಟು. ಕಿವಿಯ ಮೇಲಿನ ನರೆಗೂದಲುಗಳು ಒಂದೊಂದಾಗಿ ಕಾಣುತ್ತಿದ್ದವು. ಕೈ ನಡುಗಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ.

ಸಿದ್ಧತೆ

ಪರೀಕ್ಷೆಯಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದುದೆಲ್ಲವನ್ನೂ ಸ್ಥಿರವಾಗಿಡಬೇಕೆಂಬುದು ವಿಜ್ಞಾನದ ಮೊದಲ ನಿಯಮ. ಕ್ಯಾಮರಾವನ್ನು ಟ್ರೈಪಾಡಿನ ಮೇಲೆ, ಅದಿಲ್ಲದಿದ್ದರೆ ಅಲುಗದ ಮೇಜಿನ ಮೇಲೆ ಇರಿಸಬೇಕು. ಗುಂಡಿಯನ್ನೊತ್ತುವ ಬೆರಳಿನಿಂದಲೂ ಕ್ಯಾಮರಾ ಕದಲುವುದುಂಟು. ಆದುದರಿಂದ ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಚಿತ್ರ ತೆಗೆಯುವ ಟೈಮರನ್ನು ಬಳಸುವುದು ಲೇಸು. ಐಎಸ್‌ಒ ಅಂಕವು ಕಡಿಮೆಯಾಗಿರಲಿ. ಕೈನಡುಕವನ್ನು ಸರಿಪಡಿಸುವ ಏರ್ಪಾಡು ಇದ್ದರೆ ಅದನ್ನು ನಿಲ್ಲಿಸಿರಬೇಕು. ಮಸೂರದ ಮೇಲಿನ ಬೆರಳಚ್ಚು, ಧೂಳುಗಳನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿರಬೇಕು.

ಮೊದಲನೆಯ ಪರೀಕ್ಷೆ: ಸ್ಫುಟತೆ

1951ರಲ್ಲಿ ಅಮೆರಿಕದ ವಾಯುಸೇನೆಯು ಗೊತ್ತುಪಡಿಸಿದ, ಮೂರು ಮೂರು ಗೆರೆಗಳ ಗುಂಪುಗಳುಳ್ಳ ಪಟವೊಂದು ಈ ಕೆಲಸಕ್ಕೆ ಪ್ರಸಿದ್ಧವಾಗಿದೆ. ಅದರಲ್ಲಿ ಆರು ಮೆಟ್ಟಲಿಗೊಮ್ಮೆ ಗೆರೆಯ ಅಗಲ ಅರ್ಧವಾಗುತ್ತದೆ. ಎಷ್ಟು ಸಣ್ಣ ಗೆರೆಗಳವರೆಗೆ ಬೇರೆ ಬೇರೆಯಾಗಿ ಕಾಣುತ್ತವೆಂಬುದೇ ಅಳತೆ. ಮನೆಯ ಪರೀಕ್ಷೆಗೆ ಕನ್ನಡ ದಿನಪತ್ರಿಕೆಯೇ ಸಾಕು. ದ-ಧ, ಪ-ಫ, ಬ-ಭ ಇವುಗಳ ಭೇದವಿರುವುದು ಅಡಿಯ ಒಂದು ಸಣ್ಣ ಸೀಳಿನಲ್ಲಿ. ಆ ಸೀಳು ಯಾವ ಗಾತ್ರದ ಅಕ್ಷರದವರೆಗೆ ಕಾಣುತ್ತದೆಂದು ನೋಡಿದರಾಯಿತು.

ಕ್ಯಾಮರಾವನ್ನು ಗೋಡೆಯಿಂದ 2.5 ಮೀಟರು ದೂರದಲ್ಲಿಟ್ಟರೆ ಚಿತ್ರದಲ್ಲಿ ಸುಮಾರು 1.75 ಮೀಟರು ಅಗಲ, 1.2 ಮೀಟರು ಎತ್ತರದ ಗೋಡೆ ಕಾಣುತ್ತದೆ. ಅದರ ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ಒಂದೊಂದು, ಹೀಗೆ ಐದು ಹಾಳೆಗಳನ್ನು ಸುಕ್ಕಿಲ್ಲದಂತೆ ಅಂಟಿಸಬೇಕು. ಕ್ಯಾಮರಾ ಗೋಡೆಗೆ ನೇರವಾಗಿರಬೇಕಾದುದು ಮುಖ್ಯ. ಅದಕ್ಕೊಂದು ಸುಲಭವಾದ ಉಪಾಯವಿದೆ: ನಡುವಣ ಹಾಳೆಯ ಮೇಲೆ ಒಂದು ಚಪ್ಪಟೆ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಯಬೇಕು. ಮಸೂರದ ಪ್ರತಿಬಿಂಬವು ಚಿತ್ರದ ಸರಿ ನಡುವೆ ಕಂಡರೆ ಕ್ಯಾಮರಾ ನೇರವಾಗಿದೆಯೆಂದು ತಿಳಿಯತಕ್ಕದ್ದು.

ಅನಂತರ ಕನ್ನಡಿಯನ್ನು ತೆಗೆದು, ಕ್ಯಾಮರಾದ ಹಿಂಬದಿಯ ಪರದೆಯಲ್ಲಿ ಬಿಂಬವನ್ನು ಹಿಗ್ಗಿಸಿ, ಕೈಯಿಂದಲೇ ಫೋಕಸ್ ಮಾಡಿ, ಎಫ್ 1.8, 2.8, 4, 5.6, 8, 16 ಇವುಗಳಲ್ಲಿ ಒಂದೊಂದು ಚಿತ್ರವನ್ನು ತೆಗೆಯಬೇಕು. ದ್ವಾರವನ್ನು ಕಿರಿದು ಮಾಡಿದಾಗ ಕೆಲವು ಮಸೂರಗಳ ಫೋಕಸ್ ತುಸು ಜರುಗುವುದರಿಂದ ಪ್ರತಿಸಲವೂ ಹೊಸದಾಗಿ ಫೋಕಸ್ ಮಾಡುವುದು ಒಳ್ಳೆಯದು. ಹಿರಿದಾದ ದ್ವಾರದಲ್ಲಿ ನಾಲ್ಕು ಮೂಲೆಗಳೂ ಸಮವಾಗಿ ಮೆತ್ತಗಾಗಿದ್ದರೆ ಅದು ಇಂತಹ ಮಸೂರಗಳ ಸಹಜ ಸ್ವಭಾವ. ಒಂದೇ ಮೂಲೆ ಅಥವಾ ಒಂದೇ ಪಕ್ಕ ಹೆಚ್ಚು ಮಸುಕಾಗಿದ್ದರೆ ಮೊದಲು ಕ್ಯಾಮರಾ ನೇರವಾಗಿದೆಯೇ ಎಂದು ಮತ್ತೆ ನೋಡಬೇಕು. ಅದು ಸರಿಯಿದ್ದೂ ಮಸುಕು ಉಳಿದರೆ ಒಳಗಿನ ಗಾಜೊಂದು ಸ್ಥಾನ ತಪ್ಪಿರಬಹುದು.

ನಮ್ಮ ಮಸೂರವು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು. ಎಫ್ 1.8ರಲ್ಲಿ ನಡುವಣ ಹಾಳೆ ಚೆನ್ನಾಗಿಯೂ ಮೂಲೆಗಳು ಸಮವಾಗಿ ತುಸು ಮೆತ್ತಗೂ ಇದ್ದವು, ಎಫ್ 5.6ರಲ್ಲಿ ಎಲ್ಲವೂ ಸ್ಫುಟವಾಗಿದ್ದುವು. ಹಾಗಾದರೆ ಗಾಜಿನದೂ ತಪ್ಪಿಲ್ಲ.

ಎರಡನೆಯ ಪರೀಕ್ಷೆ: ಫೋಕಸಿನ ನಿಖರತೆ

ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಕ್ಯಾಮರಾಗಳಲ್ಲಿ, ಕಣ್ಣುಗಿಂಡಿಯ ಮೂಲಕ ನೋಡುವಾಗ, ತಾನಾಗಿ ಫೋಕಸ್ ಮಾಡುವ ಅಂಗಕ್ಕೂ ಚಿತ್ರವನ್ನು ಗ್ರಹಿಸುವ ಫಲಕಕ್ಕೂ ಬೆಳಕು ಬೇರೆ ಬೇರೆ ದಾರಿಗಳಿಂದ ಹೋಗುತ್ತದೆ. ಈ ಎರಡು ದಾರಿಗಳ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ಪ್ರತಿಸಲವೂ ಒಂದೇ ಕಡೆಗೆ ತಪ್ಪುತ್ತದೆ. ಕನ್ನಡಿಯಿಲ್ಲದ ಈಚಿನ ಕ್ಯಾಮರಾಗಳು ಚಿತ್ರಫಲಕದಿಂದಲೇ ಫೋಕಸನ್ನು ಅರಿಯುವುದರಿಂದ ಅವುಗಳಲ್ಲಿ ಈ ತಪ್ಪು ವಿರಳ.

ಪರೀಕ್ಷೆಗೆ ಒಂದು ರಟ್ಟಿನ ಪೆಟ್ಟಿಗೆಯೂ ಒಂದು ಅಳತೆಪಟ್ಟಿಯೂ ಸಾಕು. ಪೆಟ್ಟಿಗೆಯ ಮುಖಕ್ಕೆ ದಪ್ಪಕ್ಷರದ ಕಾಗದವನ್ನಂಟಿಸಿ ಕ್ಯಾಮರಾಕ್ಕೆ ನೇರವಾಗಿ 1 ಮೀಟರು ದೂರದಲ್ಲಿಡಬೇಕು. ಅದರ ಪಕ್ಕದಲ್ಲಿ ಅಳತೆಪಟ್ಟಿಯನ್ನು 45 ಅಂಶಗಳಷ್ಟು ಓರೆಯಾಗಿ, ಅದರ ನಡುವಣ ಗೆರೆಯು ಪೆಟ್ಟಿಗೆಯ ಮುಖದ ಮಟ್ಟಕ್ಕೆ ಬರುವಂತೆ ನಿಲ್ಲಿಸಬೇಕು. ಕ್ಯಾಮರಾವು ಪೆಟ್ಟಿಗೆಯ ಅಕ್ಷರಗಳಿಗೆ ಫೋಕಸ್ ಮಾಡಬೇಕು, ಪಟ್ಟಿಗೆ ಮಾಡಕೂಡದು. ದ್ವಾರ ಎಫ್ 1.8ರಲ್ಲಿರಲಿ. ಪ್ರತಿ ಚಿತ್ರಕ್ಕೆ ಮೊದಲು ಮಸೂರದ ಬಳೆಯನ್ನು ಒಮ್ಮೆ ದೂರದ ಕಡೆಗೆ, ಒಮ್ಮೆ ಹತ್ತಿರದ ಕಡೆಗೆ ತಿರುಗಿಸಿಬಿಟ್ಟು, ಹತ್ತು ಚಿತ್ರಗಳನ್ನು ತೆಗೆಯಬೇಕು. ಒಂದೇ ಚಿತ್ರದಿಂದ ನಿರ್ಣಯಿಸುವುದು ಒಂದೇ ಸಾಕ್ಷಿಯ ಮಾತಿನಿಂದ ತೀರ್ಪು ಕೊಟ್ಟಂತೆ. ಚಿತ್ರಗಳು ಒಮ್ಮೆ ಹಿಂದೆ, ಒಮ್ಮೆ ಮುಂದೆ ಚದರಿದ್ದರೆ ಫೋಕಸ್ ಅಸ್ಥಿರವೆಂದೂ, ಎಲ್ಲವೂ ಒಂದೇ ಕಡೆಗೆ ಸರಿದಿದ್ದರೆ ಹೊಂದಾಣಿಕೆ ತಪ್ಪಿದೆಯೆಂದೂ ತಿಳಿಯಬೇಕು.

ನಮ್ಮ ಹತ್ತು ಚಿತ್ರಗಳಲ್ಲಿಯೂ ಪಟ್ಟಿಯ ಸ್ಫುಟವಾದ ಗೆರೆ ನಡುಗೆರೆಗಿಂತ ಸುಮಾರು 4.25 ಸೆಂ.ಮೀ. ಹಿಂದಿತ್ತು. ಪಟ್ಟಿ ಓರೆಯಾಗಿರುವುದರಿಂದ ಇದನ್ನು 0.7ರಿಂದ ಗುಣಿಸಬೇಕು, ಅಂದರೆ ನಿಜವಾದ ತಪ್ಪು ಸುಮಾರು 3 ಸೆಂ.ಮೀ. ಪರದೆಯನ್ನು ನೋಡಿ ಕೈಯಿಂದ ಫೋಕಸ್ ಮಾಡಿದಾಗಲಾದರೋ ನಡುಗೆರೆಯೇ ಸ್ಫುಟವಾಗಿ ಬಂದಿತು.

ನಿರ್ಣಯ

ಇಂತಹ ತಪ್ಪು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ದೂರ ಎರಡು ಪಾಲಾದರೆ ತಪ್ಪು ನಾಲ್ಕು ಪಾಲು. ಹುಡುಗನು ನಿಂತಿದ್ದುದು ಗುರುಗಳಿಂದ ಸುಮಾರು 2 ಮೀಟರು ದೂರದಲ್ಲಿ. ಅಲ್ಲಿ ತಪ್ಪು 12 ಸೆಂ.ಮೀ. ಆಗುತ್ತದೆ. ಎಫ್ 1.8ರಲ್ಲಿ ಆ ದೂರಕ್ಕೆ ಸ್ಪಷ್ಟತೆಯ ಆಳ ಒಟ್ಟು 17 ಸೆಂ.ಮೀ.; ಮುಂದಕ್ಕೆ ದೊರೆಯುವುದು ಅದರ ಅರ್ಧದಷ್ಟು ಮಾತ್ರ. ಕಣ್ಣಿಗಿಟ್ಟ ಗುರಿ ಕಿವಿಗೆ ತಾಗಿದುದು ಹೀಗೆ. ಹುಡುಗನ ಕೈಯೂ ಸ್ಥಿರವಾಗಿತ್ತು, ಮಸೂರದ ಗಾಜೂ ನಿರ್ದೋಷವಾಗಿತ್ತು. ಇವೆರಡರ ನಡುವಿನ ಹೊಂದಾಣಿಕೆಯೊಂದೇ ತಪ್ಪಿತ್ತು. ಕ್ಯಾಮರಾದಲ್ಲಿಯೇ ಇದ್ದ ತಿದ್ದುಪಡಿಯ ಏರ್ಪಾಡಿನಿಂದ ಅದನ್ನು ಸರಿಪಡಿಸಿ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಿದೆವು.

ಈ ಫಲವನ್ನು ತರಗತಿಯಲ್ಲಿ, ಹುಡುಗನನ್ನು ಗದರಿದವರ ಸಮ್ಮುಖದಲ್ಲಿಯೇ ಓದಿ ಹೇಳಿದೆವು. ಆತನು ಏನೂ ಹೇಳಲಿಲ್ಲ. ಮರುದಿನ ಕ್ಯಾಮರಾವನ್ನು ಕೇಳಿ ತೆಗೆದುಕೊಂಡನು. ನಿವೃತ್ತ ಗುರುಗಳನ್ನು ಅವರ ಮನೆಯ ಜಗಲಿಯಲ್ಲಿ ಕೂರಿಸಿ ತೆಗೆದ ಹೊಸ ಚಿತ್ರವು ಈಗ ಅಧ್ಯಾಪಕರ ಕೊಠಡಿಯಲ್ಲಿದೆ. ಬೀಳ್ಕೊಡುಗೆಯ ದಿನದ ಚಿತ್ರ ಮಾತ್ರ ಮಸುಕಾಗಿಯೇ ಉಳಿಯಿತು. ಪರೀಕ್ಷೆಯನ್ನು ಮೊದಲೇ ಮಾಡದೆ ಹೋದುದು ಹಿರಿಯರಾದ ನಮ್ಮ ತಪ್ಪು. ತಂದೆತಾಯಿಗಳೂ ವಿದ್ಯಾರ್ಥಿಗಳೂ ಇದನ್ನು ನೆನಪಿನಲ್ಲಿಡಬೇಕೆಂದು ನಮ್ಮ ಬಯಕೆ: ತಪ್ಪಾದಲ್ಲಿ ಮೊದಲು ಕಾರಣವನ್ನು ಅಳೆಯಬೇಕು, ದೂರುವುದಿದ್ದರೆ ಆಮೇಲೆ.

ಅಭ್ಯಾಸ

1. 50 ಮಿ.ಮೀ. ಮಸೂರದ ದ್ವಾರದ ವ್ಯಾಸ 25 ಮಿ.ಮೀ. ಆದರೆ ಎಫ್-ಅಂಕವೆಷ್ಟು?
2. 1 ಮೀಟರಿನಲ್ಲಿ ಫೋಕಸಿನ ತಪ್ಪು 2 ಸೆಂ.ಮೀ. ಇದ್ದರೆ 3 ಮೀಟರಿನಲ್ಲಿ ಸುಮಾರು ಎಷ್ಟಾದೀತು?
3. ನಿಮ್ಮ ಮನೆಯಲ್ಲಿರುವ ಮಸುಕಾದ ಚಿತ್ರವೊಂದನ್ನು ನೋಡಿ, ಮೇಲೆ ಹೇಳಿದ ಮೂರು ಬಗೆಗಳಲ್ಲಿ ಅದು ಯಾವುದೆಂದು ಕಾರಣಸಹಿತ ಬರೆಯಿರಿ.