ಗಾಳಿಯ ಆಹಾರ ಹೆಚ್ಚಿದರೆ ಫಸಲು ಹೆಚ್ಚುವುದೇ?



ಗಾಳಿಯಲ್ಲಿ ಇಂಗಾಲಾಮ್ಲ ಅನಿಲ ಏರುತ್ತಿದೆಯಷ್ಟೆ. ಅದು ಗಿಡದ ಆಹಾರವೇ ಆದುದರಿಂದ ಕಾಫಿ, ಅಡಿಕೆಗಳ ಫಸಲು ತಾನಾಗಿ ಹೆಚ್ಚಬೇಡವೇ ಎಂದು ಕೆಲವು ಸದಸ್ಯರು ಕೇಳುತ್ತಾರೆ. ಯೋಗ್ಯವಾದ ಪ್ರಶ್ನೆ. ಉತ್ತರವು ಅರ್ಧ ಹೌದು, ಅರ್ಧ ಅಲ್ಲ.

ಎಲೆಯ ಅಡುಗೆ

ಬೇರಿನಿಂದ ಬಂದ ನೀರನ್ನೂ ಪತ್ರರಂಧ್ರಗಳಿಂದ ಒಳಬಂದ ಇಂಗಾಲಾಮ್ಲವನ್ನೂ ಎಲೆಯು ಬಿಸಿಲಿನ ಶಕ್ತಿಯಿಂದ ಸಕ್ಕರೆಯಾಗಿಸುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಹವಾಯಿಯ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. 2024ರ ಸರಾಸರಿ 420ನ್ನು ದಾಟಿತು. 1982ರಿಂದ 2009ರವರೆಗೆ ಭೂಮಿಯ ಸಸ್ಯಪ್ರದೇಶದ ಕಾಲು ಭಾಗದಿಂದ ಅರ್ಧದಷ್ಟರಲ್ಲಿ ಎಲೆ ದಟ್ಟವಾದುದನ್ನು ಉಪಗ್ರಹಗಳು ಕಂಡವು. ಇದಕ್ಕೆ ಮುಖ್ಯ ಕಾರಣ ಈ ಅನಿಲವೆಂದು ವಿಜ್ಞಾನಿಗಳ ಲೆಕ್ಕ.

ದ್ರಾಕ್ಷಿ ಮತ್ತು ಜೋಳ

ಆದರೆ ಲಾಭ ಎಲ್ಲ ಬೆಳೆಗೂ ಸಮನಲ್ಲ. ಇದನ್ನು ಅರಿಯಲು ವಿಜಯಪುರದ ಹೊಲಗಳು ಒಳ್ಳೆಯ ಪಾಠಶಾಲೆ. ಅಲ್ಲಿ ತಿಕೋಟಾದ ದ್ರಾಕ್ಷಿ ತೋಟಗಳೂ ಬಬಲೇಶ್ವರದ ಎರೆಭೂಮಿಯ ಹಿಂಗಾರಿ ಜೋಳವೂ ನೆರೆಹೊರೆಯಲ್ಲಿವೆ. ದ್ರಾಕ್ಷಿಯ ಎಲೆಯಲ್ಲಿ ಇಂಗಾಲಾಮ್ಲವನ್ನು ಹಿಡಿಯುವ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿದು ಶ್ರಮವನ್ನು ವ್ಯರ್ಥ ಮಾಡುತ್ತದೆ. ಇಂಗಾಲಾಮ್ಲ ಹೆಚ್ಚಿದಷ್ಟೂ ಈ ತಪ್ಪು ಕಡಿಮೆ. ಕಾಫಿ, ಅಡಿಕೆ, ಮೆಣಸು, ಭತ್ತಗಳೂ ಇದೇ ಗುಂಪಿನವು. ಜೋಳವಾದರೋ ಈ ಅನಿಲವನ್ನು ಮೊದಲೇ ಎಲೆಯೊಳಗೆ ಕೂಡಿಹಾಕಿಕೊಂಡು ಬಳಸುತ್ತದೆ. ಹೊರಗೆ ಹೆಚ್ಚಿದರೆ ಅದಕ್ಕೆ ನೇರ ಲಾಭ ಅಲ್ಪ.

ಅಮೆರಿಕದ ಅರಿಜೋನಾದಲ್ಲಿ 1998 ಮತ್ತು 1999ರಲ್ಲಿ ಬಯಲಿನ ಜೋಳಕ್ಕೆ ಹೆಚ್ಚುವರಿ ಅನಿಲ ಹಾಯಿಸಿ ನೋಡಿದರು. ನೀರು ಸಾಕಷ್ಟಿದ್ದಲ್ಲಿ ಇಳುವರಿ ಏರಲಿಲ್ಲ. ನೀರು ಕಡಿಮೆಯಾದಲ್ಲಿ ಏರಿತು. ಅನಿಲ ಹೆಚ್ಚಿದಾಗ ಪತ್ರರಂಧ್ರಗಳು ಕಿರಿದಾಗಿ ಮಣ್ಣಿನ ತೇವ ಉಳಿದುದೇ ಕಾರಣ.

ನಮ್ಮ ತೋಟಕ್ಕೆ

ಬ್ರೆಜಿಲ್‌ನ ಜಾಗ್ವಾರಿಯೂನಾದಲ್ಲಿ 2011ರಿಂದ ಅರೇಬಿಕಾ ಗಿಡಗಳಿಗೆ ಇಂಥದೇ ಪ್ರಯೋಗ ನಡೆಯಿತು. ದ್ಯುತಿಸಂಶ್ಲೇಷಣೆ ಹೆಚ್ಚಿತು; ವರ್ಷಗಳು ಕಳೆದರೂ ಆ ಹೆಚ್ಚಳ ಉಳಿಯಿತು. ಆದರೂ ಇದನ್ನೇ ನಂಬಿ ಕೂರುವಂತಿಲ್ಲ. ಇದೇ ಅನಿಲ ಭೂಮಿಯನ್ನು ಕಾಯಿಸುತ್ತದೆ. ಸೆಕೆ ಏರಿದಂತೆ ಕಿಣ್ವದ ತಪ್ಪೂ ಏರುತ್ತದೆ. ಬರ ಬಂದರೆ ಎಲೆಯು ರಂಧ್ರಗಳನ್ನೇ ಮುಚ್ಚಿಕೊಳ್ಳುತ್ತದೆ. ಬಾಗಿಲು ಹಾಕಿದ ಮನೆಯ ಮುಂದೆ ದಿನಸಿ ಸುರಿದರೇನು ಫಲ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮಲೆನಾಡೂ ಪಾರಾಗಲಿಲ್ಲ.

ಆದುದರಿಂದ ಸದಸ್ಯರು ಈ ನಾಲ್ಕು ಕೆಲಸಗಳನ್ನು ಗಮನಿಸಬೇಕು.

1. ಕಾಫಿಯ ನೆರಳನ್ನು ಹದವಾಗಿ ಬಿಡಿಸಿರಿ. ಮರಗಳನ್ನೇ ಕಡಿದು ತೋಟವನ್ನು ಬಯಲು ಮಾಡಬೇಡಿರಿ.

2. ಬೇಸಿಗೆಗೆ ಮುಂಚೆ ಅಡಿಕೆಯ ಬುಡಕ್ಕೆ ಸೋಗೆ, ಕಾಫಿಯ ಸಾಲಿಗೆ ತರಗೆಲೆ ಹೊದಿಸಿರಿ.

3. ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ತೆಗೆದು ಮಳೆನೀರು ಇಂಗಿಸಿರಿ. ನೀರು ಹಾಯಿಸುವವರು ತಿಕೋಟಾದ ದ್ರಾಕ್ಷಿ ಬೆಳೆಗಾರರಂತೆ ಹನಿ ನೀರಾವರಿ ಅನುಸರಿಸಬಹುದು.

4. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ, ಗೊಬ್ಬರ ಕೊಡಿರಿ. ಸಾರಜನಕ, ಪೊಟ್ಯಾಷ್ ಕೊರತೆಯಿದ್ದರೆ ಗಾಳಿಯ ಆಹಾರ ಮೈಗೂಡದು.

ಗಾಳಿ ಕೊಡುವುದು ಬಿಟ್ಟಿ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಬೇರಿನ ಬಳಿಯ ತೇವದಲ್ಲಿದೆ. ಆ ತೇವವನ್ನು ಕಾಯುವುದು ನಮ್ಮ ಕೆಲಸ.

— ಕಾರ್ಯದರ್ಶಿ