ಕಾರಿನ ಬೆಸುಗೆಯ ಭಾಗಗಳನ್ನು ಬಿಡಿಸಲು ಸಾಧನಗಳ ಆಯ್ಕೆ

ಕಾರಿನ ಒಡಲು ಒಂದೇ ತಗಡಿನಿಂದ ಆದುದಲ್ಲ. ಅಚ್ಚಿನಲ್ಲಿ ಒತ್ತಿದ ಅನೇಕ ಉಕ್ಕಿನ ತಗಡುಗಳನ್ನು ಸ್ಪಾಟ್ ವೆಲ್ಡಿಂಗ್ ಎಂಬ ಸಾವಿರಾರು ಚುಕ್ಕೆ ಬೆಸುಗೆಗಳಿಂದ ಜೋಡಿಸಿ ಅದನ್ನು ರೂಪಿಸಲಾಗುತ್ತದೆ. ಅಪಘಾತದಲ್ಲಿ ನಜ್ಜುಗುಜ್ಜಾದ ಅಥವಾ ತುಕ್ಕು ತಿಂದ ಭಾಗವನ್ನು ಬಿಡಿಸಿ ಹೊಸದನ್ನು ಕೂರಿಸುವ ಕೆಲಸವು ದಕ್ಷಿಣದ ನಗರಗಳಲ್ಲಿ ಟಿಂಕರಿಂಗ್ ಎಂದೂ, ಮುಂಬಯಿ, ದೆಹಲಿಗಳಲ್ಲಿ ಡೆಂಟಿಂಗ್ ಎಂದೂ ಪರಿಚಿತವಾಗಿದೆ.

ತೆಗೆದೊಗೆಯುವ ಭಾಗವು ಹಾಳಾದರೆ ನಷ್ಟವಿಲ್ಲ. ಆದರೆ ಅದರಡಿಯಲ್ಲಿ ಉಳಿಯಬೇಕಾದ ತಗಡು ಹಾಳಾದರೆ ಹೊಸ ಬೆಸುಗೆ ಗಟ್ಟಿಯಾಗಿ ನಿಲ್ಲದು. ಮುಂದೊಂದು ಅಪಘಾತದಲ್ಲಿ ಅದು ಪ್ರಯಾಣಿಕರ ಪ್ರಾಣಕ್ಕೇ ಅಪಾಯ ತರಬಹುದು. ಸಾಧನದ ಆಯ್ಕೆಗೆ ಇದೇ ಮೂಲಸೂತ್ರ.

ಚುಕ್ಕೆ ಬೆಸುಗೆಗೆ ಡ್ರಿಲ್

ಮೊದಲು ತಂತಿ ಬ್ರಷ್ಷಿನಿಂದ ಬಣ್ಣವನ್ನು ಉಜ್ಜಿ ತೆಗೆದರೆ ಬೆಸುಗೆಯ ದುಂಡನೆಯ ತಗ್ಗುಗಳು ಕಾಣುತ್ತವೆ. ಪ್ರತಿಯೊಂದರ ನಡುವೆ ಸೆಂಟರ್ ಪಂಚ್‌ನಿಂದ ಗುರುತು ಮಾಡಬೇಕು. ಸಾಮಾನ್ಯ ಡ್ರಿಲ್ ಬಿಟ್‌ನ ಚೂಪಾದ ತುದಿಯು ಎರಡೂ ತಗಡುಗಳನ್ನು ತೂತು ಮಾಡಿಬಿಡುತ್ತದೆ. ಆದುದರಿಂದ ಈ ಕೆಲಸಕ್ಕೆಂದೇ ದೊರೆಯುವ, ತುದಿ ಹೆಚ್ಚುಕಡಿಮೆ ಚಪ್ಪಟೆಯಾಗಿರುವ 8 ಅಥವಾ 10 ಮಿ.ಮೀ. ಬಿಟ್ ಉತ್ತಮ. ಮೇಲಿನ ತಗಡನ್ನು ಮಾತ್ರ ಕೊರೆದು, ತೆಳುವಾದ ಉಳಿಯಿಂದ ಮೆಲ್ಲಗೆ ಬಿಡಿಸಬೇಕು. ಕೊರೆಯದೆ ಉಳಿ, ಸುತ್ತಿಗೆಗಳಿಂದಲೇ ಕಿತ್ತರೆ ಕೆಳಗಿನ ತಗಡು ಹರಿಯುತ್ತದೆ.

ಉದ್ದನೆಯ ಬೆಸುಗೆಗೆ ಗ್ರೈಂಡರ್

ಇದಕ್ಕೆ 100 ಮಿ.ಮೀ. ಆಂಗಲ್ ಗ್ರೈಂಡರ್, 1 ಮಿ.ಮೀ. ದಪ್ಪದ ಕತ್ತರಿಸುವ ಚಕ್ರ ಸಾಕು. ಚಕ್ರದ ಮೇಲೆ ಮುದ್ರಿತವಾದ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಿಮೆಯಿರಕೂಡದು. ಅವಧಿ ಮೀರಿದ ಚಕ್ರವನ್ನು ಬಳಸಬಾರದು, ಕತ್ತರಿಸುವ ಚಕ್ರದ ಪಕ್ಕದಿಂದ ಉಜ್ಜಬಾರದು, ರಕ್ಷಾಕವಚವನ್ನು ಕಳಚಬಾರದು. ಒಡೆದ ಚಕ್ರದ ಚೂರು ಕಣ್ಣನ್ನೇ ಕಳೆಯಬಲ್ಲದು.

ಕಿಡಿಯ ಭಯವಿದ್ದಲ್ಲಿ ಗರಗಸ

ಗರಗಸವು ಗ್ರೈಂಡರಿನಂತೆ ಕಿಡಿಗಳನ್ನು ಚಿಮ್ಮಿಸುವುದಿಲ್ಲ. ತೆಳು ತಗಡಿಗೆ ಅಂಗುಲಕ್ಕೆ 24 ಅಥವಾ 32 ಹಲ್ಲುಗಳುಳ್ಳ ಅಲಗು ಸೂಕ್ತ. ಹಲ್ಲುಗಳು ವಿರಳವಾಗಿದ್ದರೆ ತಗಡಿಗೆ ಸಿಕ್ಕಿ ಮುರಿಯುತ್ತವೆ.

ಗ್ಯಾಸ್ ಕಟಿಂಗ್ ಎಲ್ಲಿ?

ಗ್ಯಾಸಿನ ಉರಿಯು ತಗಡನ್ನು ಸೊಟ್ಟಗಾಗಿಸಿ, ತುಕ್ಕು ತಡೆಯುವ ಸತುವಿನ ಲೇಪವನ್ನು ಸುಡುತ್ತದೆ. ಮತ್ತೆ ಬಳಸದ ಗುಜರಿ ಭಾಗಗಳಿಗೆ ಮಾತ್ರ ಅದು ತಕ್ಕುದು. ಪ್ಲಾಸ್ಮಾ ಯಂತ್ರದ ಬಿಸಿ ಹೆಚ್ಚು ಹರಡದಿದ್ದರೂ, ಹಿಂದಿರುವ ತಂತಿ, ಕೊಳವೆಗಳನ್ನೂ ಅದು ಕತ್ತರಿಸಬಲ್ಲದು. ಇಂದಿನ ಅನೇಕ ಕಾರುಗಳಲ್ಲಿ ಬಾಗಿಲುಗಳ ನಡುವಣ ಕಂಬವು ಅತಿ ಗಟ್ಟಿಯಾದ ಬೋರಾನ್ ಉಕ್ಕಿನದು. ಸಾಮಾನ್ಯ ಬಿಟ್ ಅದರ ಮೇಲೆ ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಬಿಟ್ ಬೇಕು. ಬಿಸಿ ತಗುಲಿದರೆ ಆ ಉಕ್ಕಿನ ಬಲವೇ ಕುಗ್ಗುತ್ತದೆ. ತಯಾರಕರ ಕೈಪಿಡಿಯನ್ನು ನೋಡದೆ ಅದನ್ನು ಕತ್ತರಿಸಕೂಡದು.

ಮುನ್ನೆಚ್ಚರಿಕೆಗಳು

1. ಬ್ಯಾಟರಿಯ ಸಂಪರ್ಕವನ್ನು ತೆಗೆದು, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಭಾರತದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದು ಅಕಸ್ಮಾತ್ ಸಿಡಿದರೆ ಗಾಯ ನಿಶ್ಚಿತ.

2. ಪೆಟ್ರೋಲ್ ಟ್ಯಾಂಕ್ ಅಥವಾ ಸಿ.ಎನ್.ಜಿ. ಸಿಲಿಂಡರಿನ ಸಮೀಪ ಕಿಡಿ, ಉರಿ ಬರುವ ಕೆಲಸ ಸಲ್ಲದು. ತಿಳಿದವರಿಂದ ಮೊದಲೇ ಅವುಗಳನ್ನು ತೆಗೆಸಬೇಕು.

3. ಆಸನ, ನೆಲಹಾಸುಗಳನ್ನು ಹೊರತೆಗೆದು, ಅಗ್ನಿಶಾಮಕ ಸಾಧನವನ್ನು ಕೈಗೆಟಕುವಂತೆ ಇರಿಸಬೇಕು. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಕಾದು ನೋಡಬೇಕು.

4. ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ಚರ್ಮದ ಕೈಗವಸು ಅವಶ್ಯ. ಸತುವಿನ ಹೊಗೆಯಿಂದ ಜ್ವರ ಬರಬಹುದಾದ್ದರಿಂದ ಗಾಳಿಯಾಡುವ ಸ್ಥಳದಲ್ಲಿಯೇ ಕೆಲಸ ಮಾಡಬೇಕು.

ಗ್ಯಾರೇಜಿಗೆ ಕಾರನ್ನು ಒಪ್ಪಿಸುವ ಮಾಲೀಕರು ಯಾವ ಭಾಗವನ್ನು ಯಾವ ಸಾಧನದಿಂದ ಬಿಡಿಸಲಾಗುವುದೆಂದು ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು. ಬಣ್ಣ ಬಳಿದ ಮೇಲೆ ಒಳಗಿನ ದೋಷವು ಕಣ್ಣಿಗೆ ಕಾಣುವುದಿಲ್ಲ.