ಕಪ್ಪೆಮೊಟ್ಟೆಯಲ್ಲಿದೆ ಗರ್ಭದ ಗುಟ್ಟು

ಮಳೆ ಬಿದ್ದ ಮೇಲೆ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಕೆರೆಯಂಚಿನ ಲೋಳೆಯಲ್ಲಿ ಸಾಸಿವೆಯಂತೆ ಕಾಣುವ ಕಪ್ಪೆಮೊಟ್ಟೆಗಳನ್ನು ನೀವು ನೋಡಿರಬಹುದು. ಒಂದೇ ಮೊಟ್ಟೆಯಿಂದ ಬಂದ ಜೀವಕೋಶಗಳಲ್ಲಿ ಕೆಲವು ಚರ್ಮವಾಗುತ್ತವೆ, ಕೆಲವು ಮಿದುಳಾಗುತ್ತವೆ. ಇದನ್ನು ನಿರ್ಧರಿಸುವವರು ಯಾರು? ಬಹುಮಟ್ಟಿಗೆ ನೆರೆಯ ಕೋಶಗಳೇ!

ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಹಿಲ್ಡೆ ಮ್ಯಾಂಗೋಲ್ಡ್ ಇದನ್ನು 1924ರಲ್ಲಿ ಪ್ರಕಟಿಸಿದರು. ಕಪ್ಪೆಯ ದೂರದ ಬಂಧುವಾದ ನ್ಯೂಟ್‌ನ ಭ್ರೂಣದಿಂದ ಬೆನ್ನಿನ ಕಡೆಯ ಚೂರೊಂದನ್ನು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ನೆಟ್ಟಾಗ, ಅಲ್ಲಿ ಎರಡನೆಯ ಬೆನ್ನುಹುರಿ ಮೂಡಿತು. ಅದರ ಬಹುಪಾಲು ಕೋಶಗಳು ನೆಟ್ಟ ಚೂರಿನವಲ್ಲ! ಆ ಚೂರು 'ಚರ್ಮವಾಗು' ಎಂಬ ಸಂದೇಶವನ್ನು ತಡೆಯುವ ಪ್ರೋಟೀನುಗಳನ್ನು ಹೊರಡಿಸುತ್ತದೆಂದು 1990ರ ದಶಕದಲ್ಲಿ ಕಪ್ಪೆಗಳಿಂದ ತಿಳಿಯಿತು. ಸಂದೇಶ ತಡೆದರೆ ಕೋಶ ನರವಾಗುತ್ತದೆ.

ಮನುಷ್ಯನಲ್ಲೂ ಇಂಥದೇ ಮಾತುಕತೆ ನಡೆಯುತ್ತದೆ. ಹೀಗೆ ಮೂಡಿದ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳಬೇಕು. ಇಲ್ಲವಾದರೆ ಮಗುವಿನ ಮಿದುಳು ಅಥವಾ ಬೆನ್ನುಹುರಿಯಲ್ಲಿ ದೋಷ ಉಳಿಯುತ್ತದೆ. ಮುಟ್ಟು ನಿಂತಿತೆಂದು ವೈದ್ಯರ ಬಳಿ ಬರುವ ಹೊತ್ತಿಗೆ ಅನೇಕರಲ್ಲಿ ಈ ಗಡುವು ದಾಟಿರುತ್ತದೆ. ಆದ್ದರಿಂದ ಮಗು ಬಯಸುವವರು ಒಂದು ತಿಂಗಳು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಸೊಪ್ಪು, ಕಾಳು ಒಳ್ಳೆಯದೇ, ಆದರೆ ಅವಷ್ಟನ್ನೇ ನಂಬಬೇಡಿ. ಹಿಂದಿನ ಮಗುವಿಗೆ ಈ ದೋಷವಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಗರ್ಭ ಧರಿಸುವ ಮುನ್ನವೇ ವೈದ್ಯರನ್ನು ಕಾಣಿರಿ.